ವ್ಯಾನಿನ ಬೆನ್ನೇರಿದ ಸೈಕಲ್ಲು ಊರಿಗೇನು ಕೊಟ್ಟೀತು?

ಹಂಪಿಯನ್ನು ನೋಡಿ ಬಾದಾಮಿಗೆ ಹೊರಟ ಪ್ರವಾಸಿಗರಲ್ಲಿ ಕೆಲವರು ಕೊಪ್ಪಳ, ಕುಕನೂರುಗಳನ್ನು ದಾಟಿ ಗಜೇಂದ್ರಗಡದ ದಾರಿ ಹಿಡಿಯುತ್ತಾರೆ. 1986ರಲ್ಲಿ ಹಂಪಿಯೂ 1987ರಲ್ಲಿ ಪಟ್ಟದಕಲ್ಲೂ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಈ ಸೀಮೆಯ ಗಜೇಂದ್ರಗಡ, ರೋಣ, ನರಗುಂದಗಳು ಮಾತ್ರ ಕಾರಿನ ಕಿಟಕಿಯಲ್ಲಿ ಸರಿದುಹೋಗುವ ಊರುಗಳಾಗಿಯೇ ಉಳಿದವು. ಈಚಿನ ವರ್ಷಗಳಲ್ಲಿ ಪ್ರವಾಸಕ್ಕೆ ಹೊಸದೊಂದು ವಾಹನ ಬಂದಿದೆ. ಒಳಗೆ ಮಂಚ, ಒಲೆ, ನೀರಿನ ತೊಟ್ಟಿ, ಶೌಚಾಲಯ ಎಲ್ಲವನ್ನೂ ಹೊತ್ತು ಸಾಗುವ ಇದನ್ನು ಕ್ಯಾಂಪರ್‌ವ್ಯಾನ್ ಎಂದೂ ಕ್ಯಾರವಾನ್ ಎಂದೂ ಕರೆಯುತ್ತಾರೆ. ಕರ್ನಾಟಕದ 2020–25ರ ಪ್ರವಾಸೋದ್ಯಮ ನೀತಿಯಲ್ಲಿ ಇದಕ್ಕೊಂದು ಸ್ಥಾನ ದೊರೆಯಿತು. ನೆರೆಯ ಕೇರಳವು 2021ರಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಯೋಜನೆಯನ್ನು ಘೋಷಿಸಿತು. ಗದಗ ಜಿಲ್ಲೆಯ ಗುಡ್ಡಗಳ ಬುಡದಲ್ಲಿ ಇಂಥ ವಾಹನಗಳು ಇನ್ನೂ ವಿರಳ. ಅವುಗಳಿಗೆ ನಿಯಮ ಗೊತ್ತುಮಾಡಲು ಇದೇ ತಕ್ಕ ಸಮಯ. ಸಾಲುಗಟ್ಟಿ ಬಂದ ಮೇಲೆ ಮಾಡುವ ನಿಯಮವನ್ನು ಯಾರೂ ಕೇಳುವುದಿಲ್ಲ.

ಈ ವಾಹನ ಕೊಂಡವರ, ಬಾಡಿಗೆಗೆ ಪಡೆದವರ ನಡುವೆ ಒಂದು ಚರ್ಚೆ ನಡೆದೇ ಇರುತ್ತದೆ. ಪ್ರವಾಸಕ್ಕೆ ಹೊರಡುವಾಗ ಸೈಕಲ್ಲುಗಳನ್ನೂ ಕಟ್ಟಿಕೊಂಡು ಹೋಗಬೇಕೆ, ಬೇಡವೆ? ಬೆನ್ನಿಗೆ ಚೌಕಟ್ಟು ಜೋಡಿಸುವ ಖರ್ಚೆಷ್ಟು, ರಾತ್ರಿ ಕಳುವಾದರೆ ಗತಿಯೇನು, ಮಳೆಗೆ ಛೇನು ತುಕ್ಕು ಹಿಡಿಯದೆ, ಒಂದೆರಡು ಬಾರಿ ತುಳಿಯುವುದಕ್ಕೆ ಇಷ್ಟೆಲ್ಲ ರಗಳೆ ಬೇಕೆ ಎಂದು ಲೆಕ್ಕ ಹಾಕುತ್ತಾರೆ. ಲೆಕ್ಕವೆಲ್ಲ ಹೋಗುವವರ ಅನುಕೂಲದ್ದು. ಯಾರ ಊರಿಗೆ ಹೋಗುತ್ತಾರೋ ಆ ಊರಿನವರು ಈ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. ಆದರೆ ಸೈಕಲ್ಲು ಬೇಕೋ ಬೇಡವೋ ಎಂಬುದು ವ್ಯಾನು ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯೇ ಆಗಿದೆ. ಅದಕ್ಕೆ ಉತ್ತರ ಹೇಳುವ ಹಕ್ಕು ಪ್ರವಾಸಿಗರಿಗೆ ಎಷ್ಟಿದೆಯೋ ಊರಿಗೆ ಅದಕ್ಕಿಂತ ಹೆಚ್ಚಾಗಿದೆ.

ಮೊದಲಿಗೆ ಒಂದು ಭ್ರಮೆಯನ್ನು ಒಡೆಯಬೇಕು. ವ್ಯಾನಿನ ಹಿಂದೆ ಎರಡು ಸೈಕಲ್ಲು ತೂಗಿದ ಮಾತ್ರಕ್ಕೆ ಪ್ರವಾಸ ಹಸಿರಾಗುವುದಿಲ್ಲ. ಬೆಂಗಳೂರಿನಿಂದ ಗಜೇಂದ್ರಗಡಕ್ಕೆ ಸುಮಾರು 400 ಕಿಲೋಮೀಟರು, ಹೋಗಿಬರಲು 800. ಲೀಟರಿಗೆ ಹತ್ತು ಕಿಲೋಮೀಟರು ಓಡುವ ವ್ಯಾನು 80 ಲೀಟರು ಡೀಸೆಲ್ ಕುಡಿಯುತ್ತದೆ. ಒಂದು ಲೀಟರು ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ಈ ಒಂದು ಪ್ರವಾಸದ ಹೊಗೆ 200 ಕಿಲೋ ಮೀರುತ್ತದೆ. ಗಜೇಂದ್ರಗಡದಿಂದ ಸೂಡಿಗೆ ಸುಮಾರು 12 ಕಿಲೋಮೀಟರು. ಹೋಗಿಬರಲು ವ್ಯಾನಿನ ಬದಲು ಸೈಕಲ್ಲು ತುಳಿದರೆ ಉಳಿಯುವ ಡೀಸೆಲ್ ಎರಡೂವರೆ ಲೀಟರಿನಷ್ಟು ಮಾತ್ರ. ನೂರಕ್ಕೆ ಮೂರು ಪಾಲು! ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಸೈಕಲ್ಲನ್ನು ಕಟ್ಟಿಕೊಂಡು ಬಂದೆವು, ಆದುದರಿಂದ ಭೂಮಿಗೆ ಉಪಕಾರ ಮಾಡಿದೆವು ಎಂದು ಭಾವಿಸುವವರು ಆ ಸೈಕಲ್ಲನ್ನು ಮನೆಯಲ್ಲಿಯೇ ಬಿಟ್ಟು ಬರುವುದು ಲೇಸು. ಹೊಗೆಯನ್ನು ತಗ್ಗಿಸುವ ಮನಸ್ಸು ನಿಜವಾಗಿ ಇದ್ದವರಿಗೆ ರೈಲು ಇದೆ. ರೋಣ ತಾಲ್ಲೂಕಿನ ಹೊಳೆಆಲೂರಿನಲ್ಲಿ ಗದಗ–ಹೊಟಗಿ ಮಾರ್ಗದ ನಿಲ್ದಾಣವಿದೆ. ಅಲ್ಲಿಂದ ಮುಂದೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆಯ ಕೆಂಪು ಬಸ್ಸೂ ಇದೆ.

ಹಾಗಾದರೆ ಸೈಕಲ್ಲಿನಿಂದ ಪ್ರಯೋಜನವೇ ಇಲ್ಲವೆ? ಇದೆ. ಅದು ಡೀಸೆಲ್ ಉಳಿಸುವ ಪ್ರಯೋಜನವಲ್ಲ, ಊರನ್ನು ಉಳಿಸುವ ಪ್ರಯೋಜನ.

ಸೂಡಿಯನ್ನೇ ತೆಗೆದುಕೊಳ್ಳಬಹುದು. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಅಕ್ಕಾದೇವಿಯ ಆಡಳಿತದಿಂದ ಹೆಸರಾದ ಊರು. ಜೋಡುಕಳಸದ ಗುಡಿ, ಮೆಟ್ಟಿಲುಗಳ ನಾಗಕುಂಡ ಇಂದಿಗೂ ನಿಂತಿವೆ. ಆದರೆ ಅವು ಬಯಲಿನಲ್ಲಿ ಒಂಟಿಯಾಗಿ ನಿಂತ ಪ್ರದರ್ಶನದ ವಸ್ತುಗಳಲ್ಲ. ಸುತ್ತ ಜನ ಬಾಳುವ ಊರಿದೆ. ಅಲ್ಲಿ ಎತ್ತಿನ ಬಂಡಿ ತಿರುಗುತ್ತದೆ, ಮಕ್ಕಳು ಆಡುತ್ತವೆ, ಕಟ್ಟೆಯ ಮೇಲೆ ಹಿರಿಯರು ಕೂರುತ್ತಾರೆ. ಅಗಸಿಯನ್ನು ದಾಟಿ ಇಂಥ ಓಣಿಗೆ ನಾಲ್ಕು ಟನ್ನಿನ ಮನೆಯೊಂದು ನುಗ್ಗಿದರೆ ಏನಾಗುತ್ತದೆಂದು ಹೇಳಲು ತಜ್ಞರು ಬೇಕಿಲ್ಲ. ಆದರೂ ತಜ್ಞರ ಮಾತೊಂದು ಇಲ್ಲಿ ಉಪಯುಕ್ತ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯ ಬಳಿಕ ಎಂಜಿನಿಯರುಗಳು ಒಂದು ಸ್ಥೂಲ ಸೂತ್ರವನ್ನು ಬಳಸುತ್ತ ಬಂದಿದ್ದಾರೆ. ಗಾಲಿಯ ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ತಗಲುವ ಪೆಟ್ಟು ಹದಿನಾರು ಪಟ್ಟಾಗುತ್ತದೆ ಎಂಬುದು ಅದರ ಸಾರ. ಸವಾರನನ್ನು ಹೊತ್ತ ಸೈಕಲ್ಲಿನ ಅಚ್ಚಿಗೆ ಹೋಲಿಸಿದರೆ ವ್ಯಾನಿನ ಅಚ್ಚಿನ ಭಾರ ನಲವತ್ತು ಪಟ್ಟು ಎಂದಿಟ್ಟುಕೊಂಡರೂ ಈ ಸೂತ್ರದಂತೆ ಪೆಟ್ಟು 25 ಲಕ್ಷ ಪಟ್ಟು ದಾಟುತ್ತದೆ. ಊರಿನ ತೆಳು ಡಾಂಬರಿನ ಮೇಲೆ ಒಂದು ವ್ಯಾನು ಒಮ್ಮೆ ಹಾದುಹೋಗುವುದೂ ಇಡೀ ತಾಲ್ಲೂಕಿನ ಮಕ್ಕಳು ವರ್ಷಗಟ್ಟಲೆ ಸೈಕಲ್ಲು ತುಳಿಯುವುದೂ ರಸ್ತೆಯ ಪಾಲಿಗೆ ಸರಿಸಮವಾದೀತು. ಗುಂಡಿ ಬಿದ್ದ ಮೇಲೆ ಪ್ರವಾಸಿಗ ಬೇರೊಂದು ಊರಿಗೆ ಹೋಗುತ್ತಾನೆ. ಗುಂಡಿ ಇಲ್ಲಿಯೇ ಇರುತ್ತದೆ.

ಭಾರವಾದ ವಾಹನ ದೂರದಲ್ಲಿ ನಿಲ್ಲಲಿ, ಮುಂದಕ್ಕೆ ಹಗುರಾಗಿ ಹೋಗಿ ಎಂದು ಹೇಳುವುದು ಅಸಾಧ್ಯವಾದ ಮಾತೇನಲ್ಲ. ಹಂಪಿಯ ವಿಜಯವಿಠ್ಠಲ ದೇವಾಲಯಕ್ಕೆ ಹೋಗುವವರು ತಮ್ಮ ವಾಹನಗಳನ್ನು ಸುಮಾರು ಒಂದು ಕಿಲೋಮೀಟರು ಹಿಂದೆಯೇ ಬಿಡಬೇಕು. ಅಲ್ಲಿಂದ ಬ್ಯಾಟರಿ ಗಾಡಿ, ಇಲ್ಲವೆ ಸ್ವಂತ ಕಾಲು. ಅದರಿಂದ ಕಲ್ಲಿನ ರಥ ನೋಡುವವರ ಸಂಖ್ಯೆಯೇನೂ ಕುಗ್ಗಲಿಲ್ಲ. ಹಂಪಿಯಲ್ಲಿ, ಕಮಲಾಪುರದಲ್ಲಿ ಬಾಡಿಗೆ ಸೈಕಲ್ಲು ಹಿಡಿದು ದಿನವಿಡೀ ಸುತ್ತುವವರೂ ಇದ್ದಾರೆ. ಹಂಪಿಗೆ ಒಪ್ಪುವ ನಿಯಮ ಸೂಡಿಗೆ ಏಕೆ ಒಪ್ಪಬಾರದು? ಸೂಡಿಯ ಕಲ್ಲು ಹಂಪಿಯ ಕಲ್ಲಿಗಿಂತ ಅಗ್ಗವೆ?

ಇನ್ನು ಗುಡ್ಡಗಳ ವಿಚಾರ. ರಸ್ತೆಯೊಂದು ಗುಡ್ಡ ಹತ್ತಿದರೆ ಮತ್ತೆ ಇಳಿಯುವುದಿಲ್ಲ ಎಂಬ ಸತ್ಯವನ್ನು ಮಲೆನಾಡು ಕಷ್ಟಪಟ್ಟು ಕಲಿತಿದೆ. ವಾಹನಕ್ಕೆಂದು ರಸ್ತೆ ಅಗಲವಾಗುತ್ತದೆ. ಅಗಲವಾದ ರಸ್ತೆಗೆ ಇನ್ನಷ್ಟು ವಾಹನ ಬರುತ್ತದೆ. ಅವುಗಳನ್ನು ನಿಲ್ಲಿಸಲು ಹುಲ್ಲುಗಾವಲು ಸಮತಟ್ಟಾಗುತ್ತದೆ. ಕೊನೆಗೊಂದು ದಿನ ತಡೆಯಲಾರದೆ ಸರ್ಕಾರವೇ ಬಾಗಿಲು ಹಾಕಲು ಹೊರಡುತ್ತದೆ. ಊಟಿ ಮತ್ತು ಕೊಡೈಕೆನಾಲ್‌ಗಳಿಗೆ ಹೋಗುವ ವಾಹನಗಳಿಗೆ ಮದ್ರಾಸ್ ಹೈಕೋರ್ಟಿನ ಆದೇಶದ ಮೇರೆಗೆ 2024ರ ಮೇ 7ರಿಂದ ಇ-ಪಾಸ್ ಕಡ್ಡಾಯವಾಯಿತು. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಗೆ ದಿನಕ್ಕೆ ಇಷ್ಟೇ ವಾಹನಗಳು ಎಂಬ ಮಿತಿ 2025ರಲ್ಲಿ ಬಂತು. ಎರಡು ಕಡೆಯಲ್ಲಿಯೂ ಮದ್ದು ಅರೆದದ್ದು ರೋಗ ಬಲಿತ ಮೇಲೆ.

ಗಜೇಂದ್ರಗಡದ ಗುಡ್ಡಗಳು ಅಷ್ಟೊಂದು ಎತ್ತರವೂ ಅಲ್ಲ, ಹಸಿರೂ ಅಲ್ಲ. ಆದುದರಿಂದ ಅವುಗಳಿಗೆ ಕಾವಲೂ ಕಡಿಮೆ. ಈಗಾಗಲೇ ಆ ಗುಡ್ಡಗಳ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ. ಅಂಥ ಯಂತ್ರದ ಉದ್ದನೆಯ ರೆಕ್ಕೆಯನ್ನು ನೆತ್ತಿಗೆ ಸಾಗಿಸಲು ಗುಡ್ಡವನ್ನು ಕೊರೆದು ದಾರಿ ಮಾಡಬೇಕಾಗುತ್ತದೆ. ಗಾಳಿಯ ವಿದ್ಯುತ್ತಿಗೆ ಒಂದು ಸಮರ್ಥನೆಯಾದರೂ ಉಂಟು. ಸೂರ್ಯಾಸ್ತವನ್ನು ಮಂಚದ ಮೇಲೆ ಮಲಗಿಯೇ ನೋಡಬೇಕೆಂಬ ಬಯಕೆಗೆ ಯಾವ ಸಮರ್ಥನೆ? ಇದೇ ಗುಡ್ಡದ ಮಡಿಲಲ್ಲಿ ಕಾಲಕಾಲೇಶ್ವರನ ಗುಡಿಯಿದೆ. ಅಲ್ಲಿ ಬಂಡೆಯ ಸಂದಿನಿಂದ ಅಂತರಗಂಗೆ ಹರಿಯುತ್ತದೆ. ಭಕ್ತರಿಗೆ ಅದು ದೇವರ ಕೃಪೆ. ಆ ಕೃಪೆ ಇಳಿದುಬರುವ ದಾರಿ ಮಾತ್ರ ಮಣ್ಣು, ಹುಲ್ಲು, ಬಂಡೆಯ ಬಿರುಕುಗಳ ಮೂಲಕವೇ ಇದೆ. ನೆತ್ತಿಯ ಮೇಲೆ ಬಿದ್ದ ಮಳೆಯನ್ನು ಗುಡ್ಡ ಹೀರಿದರೆ ಬುಡದಲ್ಲಿ ಬುಗ್ಗೆ. ನೆತ್ತಿಯನ್ನು ವಾಹನ ನಿಲ್ದಾಣ ಮಾಡಿ ಕಾಂಕ್ರೀಟು ಹಾಸಿದರೆ ಆ ಮಳೆ ಕೆಂಪು ರಾಡಿಯಾಗಿ ಹೊಲಕ್ಕೆ ನುಗ್ಗುತ್ತದೆ.

ಸೈಕಲ್ಲಿನ ಪರವಾದ ವಾದಕ್ಕೆ ನಿಜವಾದ ಬಲ ಇಲ್ಲಿಂದ ಬರುತ್ತದೆ. ಪ್ರವಾಸಿಗ ಸೈಕಲ್ಲಿನಲ್ಲಿ ಬರುವನೆಂದಾದರೆ ಊರಿಗೆ ಅಗಲ ರಸ್ತೆ ಬೇಕಿಲ್ಲ, ಗೋಮಾಳವನ್ನು ಕಿತ್ತು ನಿಲ್ದಾಣ ಕಟ್ಟಬೇಕಿಲ್ಲ. ಈಗಿರುವ ದಾರಿಯ ಗುಂಡಿ ಮುಚ್ಚಿದರೆ ಸಾಕು. ಆ ದಾರಿಯಲ್ಲಿ ಶಾಲೆಯ ಮಕ್ಕಳೂ ನಡೆದಾರು.

ಆದರೆ ಆ ಸೈಕಲ್ಲು ಬೆಂಗಳೂರಿನಿಂದಲೇ ಬರಬೇಕೆ? ಕ್ಯಾಂಪರ್‌ವ್ಯಾನಿನ ಹೆಮ್ಮೆಯೆಂದರೆ ಅದಕ್ಕೆ ಯಾರ ಹಂಗೂ ಇಲ್ಲ ಎಂಬುದು. ಹಾಸಿಗೆ ಒಳಗೇ ಇದೆ. ಆದ್ದರಿಂದ ಊರಿನ ವಸತಿಗೃಹ ಬೇಡ. ಒಲೆ ಒಳಗೇ ಇದೆ. ಆದ್ದರಿಂದ ಖಾನಾವಳಿಯ ರೊಟ್ಟಿ, ಎಣ್ಣೆಗಾಯಿ ಬೇಡ. ಬೇಳೆ, ಅಕ್ಕಿ ನಗರದ ಅಂಗಡಿಯಿಂದಲೇ ಬಂದಿವೆ. ಆದ್ದರಿಂದ ಸಂತೆಯೂ ಬೇಡ. ಊಟ ತಂದರು, ಹಾಸಿಗೆ ತಂದರು, ಕೊನೆಗೆ ಸೈಕಲ್ಲನ್ನೂ ತಂದರು. ಊರಿಗೆ ಬಿಟ್ಟುಹೋದದ್ದು ಏನು? ಟೈರಿನ ಗುರುತು, ಕಸದ ಚೀಲ, ಶೌಚದ ತೊಟ್ಟಿಯ ಹೊಲಸು. ಒಯ್ದದ್ದು ಮಾತ್ರ ಒಂದಿದೆ: ನೀರು. ತೊಟ್ಟಿ ಬರಿದಾದ ಕೂಡಲೇ ನೂರು ಲೀಟರು ತುಂಬಿಸಿಕೊಳ್ಳಲು ಯಾರದೋ ಕೊಳವೆಬಾವಿಯ ಮುಂದೆ ವ್ಯಾನು ನಿಲ್ಲುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಸೀಮೆಯಿದು. ಮಲಪ್ರಭೆಯ ನೀರು ಹೊಲಕ್ಕೆ ಬರುವ ಮೊದಲೇ ಅಭಿವೃದ್ಧಿ ಕರ ವಿಧಿಸಿದುದನ್ನು ಪ್ರತಿಭಟಿಸಿ 1980ರ ಜುಲೈ 21ರಂದು ಗೋಲಿಬಾರಿಗೆ ಎದೆಯೊಡ್ಡಿದ ನರಗುಂದ, 2015ರಿಂದ ಮಹದಾಯಿಗಾಗಿ ಮತ್ತೆ ಬೀದಿಗಿಳಿದ ನರಗುಂದ ಇಲ್ಲಿಯೇ ಇದೆ. ಆ ಜನರ ಮುಂದೆ ಸ್ನಾನದ ತೊಟ್ಟಿ ತುಂಬಿಸಿಕೊಂಡು ಹೋಗುವವನಿಗೆ ನೀರಿನ ಚರಿತ್ರೆ ತಿಳಿದಿರಬೇಕಾದದ್ದು ಕನಿಷ್ಠ ಸೌಜನ್ಯ.

ಆದುದರಿಂದ ಸೈಕಲ್ಲನ್ನು ಹೊತ್ತು ತರುವುದಕ್ಕಿಂತ ಇಲ್ಲಿಯ ಸೈಕಲ್ಲನ್ನು ಬಾಡಿಗೆಗೆ ಹಿಡಿಯುವುದು ಮೇಲು. ಒಂದು ಕಾಲಕ್ಕೆ ಉತ್ತರ ಕರ್ನಾಟಕದ ಯಾವ ಪಟ್ಟಣದಲ್ಲಾದರೂ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಬಾಡಿಗೆ ಸೈಕಲ್ಲಿನ ಅಂಗಡಿ ಇರುತ್ತಿತ್ತು. ತಾಸಿಗಿಷ್ಟು ಎಂದು ದರ, ಪುಸ್ತಕದಲ್ಲಿ ಹೆಸರು, ಚಕ್ರದ ಮೇಲಿನ ತಗಡಿನಲ್ಲಿ ಬಣ್ಣದ ಅಂಕಿ. ರಜೆಯ ದಿನ ಆ ಸೈಕಲ್ಲುಗಳಲ್ಲಿ ಒಳಪೆಡಲು ತುಳಿದು, ಮೊಣಕಾಲು ಕೆತ್ತಿಸಿಕೊಂಡು ಒಂದು ಪೀಳಿಗೆಯೇ ಸವಾರಿ ಕಲಿಯಿತು. ಮೋಟಾರ್ ಸೈಕಲ್ಲು ಮನೆಮನೆಗೂ ಬಂದಂತೆ ಆ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಉಳಿದವು ಪಂಕ್ಚರ್ ತಿದ್ದುವ ಗೂಡುಗಳಾದವು. ಗಾಲಿಯ ಕಡ್ಡಿ ಬಿಗಿದು ರಿಮ್ಮಿನ ಓರೆ ತೆಗೆಯುವ ಕೈಕಸುಬು ಇನ್ನೂ ಪೂರ್ತಿ ಸತ್ತಿಲ್ಲ. ದಿನಕ್ಕೆ ನಾಲ್ಕು ಸೈಕಲ್ಲು ಬಾಡಿಗೆಗೆ ಹೋದರೆ ಆ ಗೂಡಿನಲ್ಲಿ ಮತ್ತೆ ಒಬ್ಬ ಹುಡುಗ ಕೆಲಸ ಕಲಿಯುತ್ತಾನೆ.

ಸೈಕಲ್ಲುಗಳೆಲ್ಲಿವೆ ಎಂದು ಕೇಳಬಹುದು. ಅನೇಕ ಮನೆಗಳ ಹಿತ್ತಿಲಲ್ಲಿವೆ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಬಡ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಮುಂದಿನ ವರ್ಷ ಗಂಡುಮಕ್ಕಳಿಗೂ ಅದನ್ನು ವಿಸ್ತರಿಸಿತು. ಬಸ್ಸು ಬಾರದ ಹಳ್ಳಿಯಿಂದ ಹೈಸ್ಕೂಲಿಗೆ ಹುಡುಗಿಯರು ಗುಂಪುಗುಂಪಾಗಿ ಹೋಗುವ ದೃಶ್ಯ ಆ ವರ್ಷಗಳ ಕೊಡುಗೆ. ಅದಕ್ಕೂ ಹಿಂದೆ, 1990ರ ದಶಕದ ಆರಂಭದಲ್ಲಿ, ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಸಾವಿರಾರು ಗ್ರಾಮೀಣ ಮಹಿಳೆಯರು ಸೈಕಲ್ಲು ಕಲಿತದ್ದು ದೇಶದ ಗಮನ ಸೆಳೆದಿತ್ತು. ಎರಡು ಚಕ್ರಕ್ಕೆ ಅಂಥದೊಂದು ಶಕ್ತಿ ಇದೆ. ಕೋವಿಡ್ ಬಂದ ಮೇಲೆ ಕರ್ನಾಟಕದ ವಿತರಣೆ ನಿಂತಿತು. ಕೊಟ್ಟವುಗಳಲ್ಲಿ ಹಲವು ಟ್ಯೂಬು ಹರಿದು, ಸೀಟು ಕಿತ್ತು, ಗೋಡೆಗೆ ಒರಗಿವೆ. ನಗರದ ಶ್ರೀಮಂತ ಸೈಕಲ್ಲು ಹವಾನಿಯಂತ್ರಿತ ವ್ಯಾನಿನ ಬೆನ್ನೇರಿ 400 ಕಿಲೋಮೀಟರು ಸವಾರಿ ಮಾಡಿ ಬರುತ್ತದೆ. ಅದು ಬಂದು ನಿಲ್ಲುವ ಊರಿನಲ್ಲಿ ಶಾಲೆಯ ಸೈಕಲ್ಲು ಮೂವತ್ತು ರೂಪಾಯಿಯ ರಿಪೇರಿಗೂ ಗತಿಯಿಲ್ಲದೆ ತುಕ್ಕು ಹಿಡಿಯುತ್ತದೆ. ಈ ವೈಪರೀತ್ಯವನ್ನು ಅಭಿವೃದ್ಧಿ ಎಂದು ಕರೆಯಲು ದಪ್ಪ ಚರ್ಮ ಬೇಕು.

ಇದಕ್ಕೆ ಆಕ್ಷೇಪಗಳಿವೆ, ಕೆಲವು ನ್ಯಾಯವಾದವೂ ಹೌದು. ಈ ಸೀಮೆಯ ಬಿಸಿಲನ್ನು ಬಲ್ಲವರು ಏಪ್ರಿಲ್ ನಡುಹಗಲಿನಲ್ಲಿ ಯಾರಿಗೂ ಸೈಕಲ್ಲು ತುಳಿಯಿರೆಂದು ಹೇಳಲಾರರು. ಅದಕ್ಕೆ ಉತ್ತರ ಕಾಲದ ಆಯ್ಕೆ. ದೀಪಾವಳಿಯಿಂದ ಶಿವರಾತ್ರಿಯವರೆಗೆ, ಬೆಳಗಿನ ಹತ್ತರೊಳಗೆ, ಇಳಿಹೊತ್ತಿನ ನಾಲ್ಕರ ಮೇಲೆ. ಬೇಸಿಗೆಯಲ್ಲಿ ಬರುವವರಿಗೆ ಸೈಕಲ್ಲು ಬರಿಯ ಹೊರೆ; ಅವರು ಬಸ್ಸನ್ನೇ ಹಿಡಿಯಲಿ. ಮಳೆಗಾಲದಲ್ಲಿ ಎರೆಭೂಮಿಯ ದಾರಿ ಇನ್ನೂ ಕಠಿಣ. ಎರೆಮಣ್ಣು ಚಕ್ರಕ್ಕೂ ಮಡ್ಗಾರ್ಡಿಗೂ ನಡುವೆ ಗಚ್ಚಿನಂತೆ ಕೂತುಬಿಟ್ಟರೆ ಸವಾರನೇ ಸೈಕಲ್ಲನ್ನು ಹೊರಬೇಕಾಗುತ್ತದೆ. ಎಷ್ಟು ಗೇರುಗಳಿದ್ದರೂ ಅಷ್ಟೇ. ಬಳ್ಳಾರಿ ಜಾಲಿಯ ಮುಳ್ಳಿಗೆ ಯಾವ ಕಂಪನಿಯ ಟೈರಾದರೂ ಒಂದೇ. ಇವೆಲ್ಲವನ್ನೂ ತಿಳಿದವನು ಇಲ್ಲಿಯ ಸೈಕಲ್ಲಿನವನೇ. ಬಾಡಿಗೆಯ ಜೊತೆಗೆ ಅವನ ತಿಳಿವಳಿಕೆಯೂ ಸಿಗುತ್ತದೆ; ಹೊತ್ತು ತಂದ ಸೈಕಲ್ಲಿಗೆ ಆ ಭಾಗ್ಯವಿಲ್ಲ.

ಹೆದ್ದಾರಿಯ ಭಯ ಇನ್ನೊಂದು. ನರಗುಂದದ ಮೂಲಕ ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ಹಾಯುತ್ತದೆ. ಲಾರಿಗಳ ಓಟ ರಾತ್ರಿ ಹಗಲೆನ್ನದೆ ಇರುತ್ತದೆ. ಅದರ ಮೇಲೆ ಮಕ್ಕಳನ್ನು ಕರೆದುಕೊಂಡು ಸೈಕಲ್ಲಿನಲ್ಲಿ ಹೋಗುವುದು ಸಾಹಸವೂ ಅಲ್ಲ, ಜಾಣತನವೂ ಅಲ್ಲ. ಒಳದಾರಿಗಳು ಸೈಕಲ್ಲಿಗಿರಲಿ, ಹೆದ್ದಾರಿ ಬಸ್ಸಿಗಿರಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದಾಗಿನಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚೂ ಇಲ್ಲ. ವೃದ್ಧರಿಗೆ, ಅಶಕ್ತರಿಗೆ, ಎಳೆಯ ಮಕ್ಕಳಿಗೆ ಪೆಡಲು ತುಳಿಯಿರೆಂದು ಯಾರೂ ಕಟ್ಟು ಹಾಕುವುದಿಲ್ಲ. ವ್ಯಾನು ನಿಲ್ಲಲಿ ಎಂಬುದಷ್ಟೇ ಕಟ್ಟು. ಮುಂದಿನ ದಾರಿಗೆ ಸೈಕಲ್ಲು, ಆಟೋ, ಬಸ್ಸು, ಕಾಲು ಯಾವುದಾದರೂ ಆದೀತು.

ಸೈಕಲ್ಲಿನ ಭಕ್ತರಿಗೂ ಒಂದು ಮಾತು ಹೇಳಲೇಬೇಕು. ಸೈಕಲ್ಲು ದೇವರಲ್ಲ. ದಪ್ಪ ಟೈರಿನ ಬೆಟ್ಟದ ಸೈಕಲ್ಲುಗಳನ್ನು ಗುಡ್ಡದ ಇಳಿಜಾರಿನಲ್ಲಿ ಮನಬಂದಂತೆ ಇಳಿಸುವ ಹೊಸ ಕ್ರೀಡೆಯೊಂದು ಹರಡುತ್ತಿದೆ. ತೆಳುವಾದ ಕೆಮ್ಮಣ್ಣಿನ ಮೇಲೆ ಬ್ರೇಕು ಒತ್ತಿ ಎಳೆದ ಗೆರೆ ಮುಂದಿನ ಮಳೆಗೆ ಕಾಲುವೆಯಾಗುತ್ತದೆ, ಮೂರನೆಯ ಮಳೆಗೆ ಕೊರಕಲಾಗುತ್ತದೆ. ಕುರಿಗಾಹಿಯ ಕಾಲುದಾರಿ ಶತಮಾನಗಳಿಂದ ಗುಡ್ಡವನ್ನು ಓರೆಯಾಗಿ ಹತ್ತುತ್ತ ಬಂದಿದೆ. ನೇರವಾಗಿ ಇಳಿಯುವ ಚಕ್ರಕ್ಕೆ ಆ ವಿವೇಕವಿಲ್ಲ. ಆದ್ದರಿಂದ ಗುಡ್ಡದ ಬುಡದಲ್ಲಿ ಸೈಕಲ್ಲೂ ನಿಲ್ಲಬೇಕು. 1858ರ ಬಂಡಾಯದ ನೆನಪನ್ನು ಹೊತ್ತ ನರಗುಂದದ ಬಾಬಾಸಾಹೇಬರ ಕೋಟೆಗೆ, ಗಜೇಂದ್ರಗಡದ ಕೋಟೆಗೆ ಕಾಲ್ನಡಿಗೆಯೇ ಸರಿಯಾದ ಮಾರ್ಗ. ವ್ಯಾನು ಪಟ್ಟಣದವರೆಗೆ, ಸೈಕಲ್ಲು ಬುಡದವರೆಗೆ, ಮೇಲಕ್ಕೆ ಪಾದ. ಈ ಮೂರು ಮೆಟ್ಟಿಲನ್ನು ಒಪ್ಪದವರ ಪರಿಸರಪ್ರೇಮ ಬಾಯಿಮಾತಿನದು.

ಹೀಗಿರುವಾಗ ಹೊರಡುವ ಮುನ್ನ ಪ್ರವಾಸಿಗರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಒಂದೇ ಊರಿನಲ್ಲಿ ಎರಡು ರಾತ್ರಿಗಳಾದರೂ ವ್ಯಾನು ಕದಲದೆ ನಿಲ್ಲುವುದೆ? ಇಲ್ಲವಾದರೆ ಸೈಕಲ್ಲು ವ್ಯರ್ಥ. ದಿನಕ್ಕೊಂದು ಊರು ಬದಲಿಸುವವರು ಅದನ್ನು ಬಿಚ್ಚುವುದೂ ಇಲ್ಲ, ಕಟ್ಟುವುದೂ ಇಲ್ಲ. ಹೋಗುವ ಕಡೆ ಬಾಡಿಗೆಗೆ ಸೈಕಲ್ಲು ದೊರೆಯುವುದೆ? ದೊರೆಯುವುದಾದರೆ ತಮ್ಮದನ್ನು ಮನೆಯಲ್ಲಿಯೇ ಬಿಡಬೇಕು. ಎಲ್ಲಿಯೂ ದೊರೆಯದು, ವ್ಯಾನು ಮಾತ್ರ ನಿಂತಲ್ಲಿಯೇ ನಿಲ್ಲುವುದು ಎಂದಾದರೆ ಆಗ ಕಟ್ಟಿಕೊಂಡು ಬರಲಿ. ಅದು ಅವರ ಕಾಲಾಗಿ ಕೆಲಸ ಮಾಡುತ್ತದೆ. ಕಟ್ಟುವಾಗ ನಂಬರು ಫಲಕ, ಹಿಂದಿನ ದೀಪ ಮರೆಯಾಗದಿರಲಿ. ಘಾಟಿಯ ತಿರುವಿನಲ್ಲಿ ಹಿಂದಕ್ಕೆ ಚಾಚಿದ ಚಕ್ರ ಎದುರಿನವರಿಗೆ ತಾಗದಿರಲಿ. ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದದ್ದು: ಊರಿನಿಂದ ಹೊರಡುವಾಗ ಊರಿನವರ ಕೈಗೆ ಏನು ಬಂದಿರುತ್ತದೆ? ಖಾನಾವಳಿಯ ಊಟ, ಪಂಕ್ಚರ್ ಅಂಗಡಿಯ ಬಾಡಿಗೆ, ಗಜೇಂದ್ರಗಡದ ಮಗ್ಗದ ಪಟ್ಟೇದಂಚು ಸೀರೆ, ಸಂತೆಯ ಕಡಲೆ. ಸೈಕಲ್ಲಿನಲ್ಲಿ ಸಾಗುವವನಿಗೆ ಹಸಿವಾಗುತ್ತದೆ, ಬಾಯಾರುತ್ತದೆ, ದಾರಿ ತಪ್ಪುತ್ತದೆ. ಆದುದರಿಂದ ಅವನು ಊರಿನವರೊಡನೆ ಮಾತಾಡಲೇಬೇಕಾಗುತ್ತದೆ. ಗಾಜಿನ ಹಿಂದೆ ಕೂತವನಿಗೆ ಆ ಅಗತ್ಯವಿಲ್ಲ.

ಪ್ರವಾಸಿಗರ ವಿವೇಕವನ್ನೇ ನಂಬಿ ಕೂರುವುದೂ ಮೂರ್ಖತನ. ಕೆಲಸ ಊರಿನದು. ಗಜೇಂದ್ರಗಡ, ರೋಣ, ನರಗುಂದ ಮೂರೂ ಪುರಸಭೆಗಳಿರುವ ಪಟ್ಟಣಗಳು. ಒಂದೊಂದು ಪಟ್ಟಣದ ಅಂಚಿನಲ್ಲಿ, ಈಗಾಗಲೇ ಗಟ್ಟಿಯಾದ ನೆಲವಿರುವಲ್ಲಿ, ವ್ಯಾನುಗಳಿಗೆ ಒಂದು ಜಾಗ ಗುರುತಿಸಿದರೆ ಸಾಕು. ಅಲ್ಲಿ ನೀರಿಗೆ ದರವಿರಲಿ, ಹೊಲಸು ಸುರಿಯಲು ಒಳಚರಂಡಿಯ ಸಂಪರ್ಕವೋ ಮುಚ್ಚಿದ ಗುಂಡಿಯೋ ಇರಲಿ. ಅಲ್ಲಿಂದ ಮುಂದಿನ ಹಳ್ಳಿಯ ಓಣಿಗಳಿಗೆ, ಗುಡ್ಡದ ನೆತ್ತಿಗೆ ವಸತಿ ವಾಹನ ಬರಕೂಡದೆಂದು ಗ್ರಾಮಸಭೆಗಳು ನಿರ್ಣಯ ಮಾಡಲಿ. ಸೂಡಿ, ಇಟಗಿಯಂಥ ಊರುಗಳ ಗ್ರಾಮಸಭೆಯಲ್ಲಿ ಇಂಥ ಒಂದು ನಿರ್ಣಯ ಬರೆಯಲು ಅರ್ಧ ತಾಸು ಸಾಕು. ನಿರ್ಣಯವಿಲ್ಲದೆ ಕಳೆದುಕೊಂಡ ಗೋಮಾಳವನ್ನು ಮರಳಿ ಪಡೆಯಲು ಅರ್ಧ ಆಯುಷ್ಯ ಸಾಲದು.

ವಿದ್ಯಾರ್ಥಿಗಳಿಗೂ ಇಲ್ಲಿ ಪಾಲಿದೆ. ಒಂದು ಭಾನುವಾರ ತಮ್ಮ ಊರಿನಲ್ಲಿ ಮೂಲೆಗೆ ಬಿದ್ದ ಶಾಲೆಯ ಸೈಕಲ್ಲುಗಳೆಷ್ಟು, ಯಾವುದಕ್ಕೆ ಟ್ಯೂಬು ಬೇಕು, ಯಾವುದಕ್ಕೆ ಛೇನು ಬೇಕು ಎಂದು ಎಣಿಸಿ ಪಟ್ಟಿ ಮಾಡಬಹುದು. ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ಊರಿನ ಮೆಕ್ಯಾನಿಕ್‌ನನ್ನೇ ಗುರುವಾಗಿಸಿಕೊಂಡು ಅವುಗಳನ್ನು ಎಬ್ಬಿಸಿ ನಿಲ್ಲಿಸಬಹುದು. ಮೈಸೂರಿನಲ್ಲಿ 2017ರ ಜೂನಿನಲ್ಲಿ ಟ್ರಿಣ್ ಟ್ರಿಣ್ ಹೆಸರಿನ ಸಾರ್ವಜನಿಕ ಸೈಕಲ್ಲು ವ್ಯವಸ್ಥೆ ಆರಂಭವಾದಾಗ ಅದಕ್ಕೆ ನಿಲ್ದಾಣ, ಕಾರ್ಡು, ಕಂಪ್ಯೂಟರು ಬೇಕಾದವು. ರೋಣಕ್ಕೆ ಅಷ್ಟೆಲ್ಲ ಬೇಕಿಲ್ಲ. ಒಂದು ನೋಟುಪುಸ್ತಕ, ಒಂದು ಹವಾ ಪಂಪು, ನಂಬಿಕಸ್ಥರಾದ ಇಬ್ಬರು ಇದ್ದರೆ ಆರಂಭ ಮಾಡಬಹುದು. ಯಾರ ಮನೆಯ ಸೈಕಲ್ಲೋ ಅವರಿಗೆ ಬಾಡಿಗೆಯ ಒಂದು ಪಾಲು, ರಿಪೇರಿಗೆ ಒಂದು ಪಾಲು. ಆದರೆ ಒಂದು ಕರಾರು ಇರಲೇಬೇಕು: ಶಾಲೆಯ ವೇಳೆಯಲ್ಲಿ ಸೈಕಲ್ಲು ಮೊದಲು ಶಾಲೆಗೆ, ಆಮೇಲೆ ಪ್ರವಾಸಿಗನಿಗೆ. ಪ್ರವಾಸಿಗನ ರಜೆಗಾಗಿ ಹುಡುಗಿಯೊಬ್ಬಳ ತರಗತಿ ತಪ್ಪಿದರೆ ಇಡೀ ಯೋಜನೆಯೇ ಅನರ್ಥ.

ಊರಿನವರೇ ಬಿಟ್ಟುಬಿಟ್ಟ ಸೈಕಲ್ಲನ್ನು ಪ್ರವಾಸಿಗರಿಗೆ ತುಳಿಯಿರೆಂದು ಬೋಧಿಸುವುದು ಎಷ್ಟು ಸರಿ ಎಂದು ಕೆಲವರು ನಗಬಹುದು. ಆ ನಗೆಯಲ್ಲಿ ಸತ್ಯವಿದೆ. ಓಣಿಯ ತುದಿಯ ಅಂಗಡಿಗೂ ಮೋಟಾರ್ ಸೈಕಲ್ಲು ಒದೆಯುವ ಯುವಕರಿಗೆ ಈ ಬರಹ ಪ್ರವಾಸಿಗರಿಗಿಂತ ಕಡಿಮೆ ಅನ್ವಯಿಸುವುದಿಲ್ಲ. ಊರು ತಾನೇ ಗೌರವಿಸದ ವಸ್ತುವನ್ನು ಪರರು ಬಂದು ಗೌರವಿಸಲಾರರು. ಗುಡ್ಡದ ಮೇಲಿನ ಕಾಂಕ್ರೀಟು ಬೇಡವೆನ್ನುವ ಬಾಯಿ ತನ್ನ ಹಿತ್ತಿಲಿನ ಸೈಕಲ್ಲಿಗೆ ಮೊದಲು ಹವಾ ಹಾಕಲಿ. ಆಗ ಊರ ಅಗಸಿಯ ಹೊರಗೆ ವ್ಯಾನನ್ನು ತಡೆದು, "ಇಲ್ಲಿಗೆ ನಿಲ್ಲಿಸ್ರಿ, ಮುಂದಕ್ಕ ಸೈಕಲ್ ಅದಾವ" ಎಂದು ಹೇಳುವ ದನಿಗೆ ಬಲ ಬರುತ್ತದೆ.